ಲೈಟ್ ಹಾಕಿದರೆ ನೀರು ಕುದಿಯುತ್ತದೆಯೇ?

ಮಕ್ಕಳೇ, ನಮ್ಮ ಮನೆಯ ಮಾರುತಿ 800 ನಿಮಗಿಂತ ದೊಡ್ಡದು. 2005ರಲ್ಲಿ ತೆಗೆದದ್ದು. ಶಿರಾಡಿ ಘಾಟಿ ಹತ್ತುವಾಗ ರೇಡಿಯೇಟರಿನ ನೀರು ಸೋರಿ ಅದರ ಎಂಜಿನ್ ಕೆಟ್ಟೇ ಹೋಯಿತು. "ಇನ್ನು ಗುಜರಿಗೆ ಹಾಕಿ" ಎಂದರು ಎಲ್ಲರೂ. ನಾನು ಕೇಳಲಿಲ್ಲ. ಹಳೆಯ ಬಿಡಿಭಾಗ ಮಾರುವವರೊಬ್ಬರಿಂದ ಅದೇ 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್ ತಂದು, ಒಂದು ಗ್ಯಾರೇಜಿನಲ್ಲಿ ಕೂರಿಸಿದ್ದಾಯಿತು.

ತೊಂದರೆ ಸುರುವಾದದ್ದೇ ಆಮೇಲೆ. ಬೆಳಿಗ್ಗೆ ಕೀ ತಿರುಗಿಸಿದರೆ, ಸೊಂಟನೋವಿನವರು ಚಾಪೆಯಿಂದ ಏಳುವ ಹಾಗೆ ಎಂಜಿನ್ ಮೆಲ್ಲ ಮೆಲ್ಲ ತಿರುಗುತ್ತಿತ್ತು. ಬ್ಯಾಟರಿ ಬದಲಿಸಿದೆವು. ಸ್ವಲ್ಪ ವಾಸಿ, ಅಷ್ಟೆ. ಸ್ಟಾರ್ಟರ್ ಮೋಟಾರ್ ಬಿಚ್ಚಿಸಿದೆವು. ಮತ್ತೆ ಅದೇ ಕತೆ. ಪಿಂಚಣಿ ಹಣ ಮಾತ್ರ ಸಲೀಸಾಗಿ ಓಡುತ್ತಿತ್ತು.

ಒಂದು ಸಂಜೆ ಕದ್ರಿಯಿಂದ ಇಳಿಯುವಾಗ ಹೆಡ್‌ಲೈಟ್ ಹಾಕಿದೆ. ಬಿಸಿ ತೋರಿಸುವ ಮುಳ್ಳು ಸರ್ರನೆ ಮೇಲೇರಿತು! ಈ ಎಂಜಿನ್ನೂ ಹೋಯಿತು ಅಂದುಕೊಂಡೆ. ಮರುದಿನವೇ ಎಂಜಿನ್ ಮಾರಿದವರ ಅಂಗಡಿಗೆ ಹೋಗಿ, ನಾಲ್ಕು ಜನರೆದುರು "ಕೆಟ್ಟ ಮಾಲು ದಾಟಿಸಿದಿರಿ" ಎಂದು ಕೂಗಾಡಿ ಬಂದೆ. ಅವರು ತಲೆತಗ್ಗಿಸಿ ನಿಂತಿದ್ದರು.

ಎಂಟನೇ ತರಗತಿಯ ಮೊಮ್ಮಗಳು ಕೇಳಿದಳು: "ಅಜ್ಜಾ, ಲೈಟ್ ಆರಿಸಿದ ಕೂಡಲೇ ಮುಳ್ಳು ಇಳಿಯಿತಲ್ಲ, ನೀರು ಅಷ್ಟು ಬೇಗ ತಣಿಯುತ್ತದಾ?"

ಹೌದಲ್ಲ! ಒಲೆಯಿಂದ ಇಳಿಸಿದ ಗಂಜಿಯೇ ಕಾಲು ಗಂಟೆ ಬಿಸಿ ಇರುತ್ತದೆ. ಹಾಗಾದರೆ ಬಿಸಿಯಾದದ್ದು ನೀರಲ್ಲ, ಸುಳ್ಳು ಹೇಳಿದ್ದು ಮುಳ್ಳು.

ಪಡೀಲಿನ ಆಟೋ ಎಲೆಕ್ಟ್ರೀಷಿಯನ್ ಒಬ್ಬರಿಗೆ ಇದನ್ನು ಹೇಳಿದೆ. ಅವರು ಏನನ್ನೂ ಬಿಚ್ಚಲಿಲ್ಲ. ಒಂದು ದಪ್ಪ ಜಂಪರ್ ಕೇಬಲನ್ನು ಬ್ಯಾಟರಿಯ ಮೈನಸ್‌ನಿಂದ ನೇರ ಎಂಜಿನ್ನಿನ ಮೈಗೆ ಕಚ್ಚಿಸಿ "ಈಗ ತಿರುಗಿಸಿ" ಎಂದರು. ಚಿಟಿಕೆ ಹೊಡೆದಂತೆ ಸ್ಟಾರ್ಟ್!

ವಿಷಯ ಇಷ್ಟು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯದು. ಸ್ಟಾರ್ಟರಿಗೆ ಹೋದ ಕರೆಂಟ್ ಬ್ಯಾಟರಿಗೆ ಮರಳಲು ಎಂಜಿನ್ನಿಗೂ ಬಾಡಿಗೂ ನಡುವೆ 'ಅರ್ಥ್' ಪಟ್ಟಿ ಬೇಕು. ಬ್ಯಾಂಕಿನಲ್ಲಿ ಪ್ರತಿ ಡೆಬಿಟ್ಟಿಗೂ ಒಂದು ಕ್ರೆಡಿಟ್ ಇರುವ ಹಾಗೆ. ನಮ್ಮದರಲ್ಲಿ ಪಟ್ಟಿ ಇತ್ತು, ಆದರೆ ತುಕ್ಕಿನ ಮೇಲೆಯೇ ಬೋಲ್ಟ್ ಬಿಗಿದಿದ್ದರು. ಮಂಗಳೂರಿನ ಕಡಲ ಗಾಳಿಗೆ ತುಕ್ಕಿಗೇನು ಬರ! ಲೈಟಿನ ಕರೆಂಟಿಗೂ ಆಲ್ಟರ್ನೇಟರಿಗೆ ಮರಳಲು ಅದೇ ದಾರಿ. ದಾರಿ ಇಕ್ಕಟ್ಟಾದಾಗ ಎಂಜಿನ್ನಿಗೂ ಬಾಡಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಬಂದು ಮುಳ್ಳಿನ ಲೆಕ್ಕ ತಪ್ಪುತ್ತಿತ್ತು. ಎಮರಿ ಪೇಪರಿನಿಂದ ಉಜ್ಜಿ, ಮತ್ತೆ ಬಿಗಿದು, ಮೇಲೆ ಗ್ರೀಸ್ ಸವರಿದರು. ನೂರೈವತ್ತು ರೂಪಾಯಿ.

ಅಲ್ಲಿಂದ ಸೀದಾ ಆ ಅಂಗಡಿಗೆ ಹೋದೆ, ಮೊಮ್ಮಗಳನ್ನೂ ಕರೆದುಕೊಂಡು. ನಾಲ್ಕು ಜನ ಇರುವಾಗಲೇ ತಪ್ಪಾಯಿತೆಂದೆ. ಅವರು ನಮಗೆ ಚಾ ತರಿಸಿ ಕೇಳಿದರು: "ಅದಿರಲಿ ಸರ್, ಹೊಸ ಎಂಜಿನ್ ನಂಬರನ್ನು ಆರ್‌ಟಿಒದಲ್ಲಿ ಹೇಳಿ ಆರ್‌ಸಿಗೆ ಸೇರಿಸಿದಿರಾ?"

ಇಲ್ಲ. ಲೆಡ್ಜರ್ ಬರೆದೇ ನಿವೃತ್ತನಾದ ನಾನು ಅದನ್ನೇ ಮರೆತಿದ್ದೆ. ಅವರು ಮೇಜಿನ ಡ್ರಾಯರ್ ಎಳೆದು ನನ್ನ ಬಿಲ್ಲಿನ ಪ್ರತಿ ಹುಡುಕತೊಡಗಿದರು.