ಮೂರನೆಯ ಸ್ಥಾನ, ಆರನೆಯ ಸ್ಥಾನ, ಸೊನ್ನೆ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಅಂಕಗಳ ಮೇಲೆ ಒಂದು ಬಗೆಯ ಗೌರವವೂ, ಅದರ ಜೊತೆಗೇ ಒಂದು ಬಗೆಯ ಅನುಮಾನವೂ ಬೆಳೆದುಬಿಡುತ್ತವೆ. ಆ ಅನುಮಾನಕ್ಕೆ ನನ್ನ ವೃತ್ತಿಯ ಅನುಭವಕ್ಕಿಂತಲೂ ಹೆಚ್ಚಿನ ಬಲ ಒದಗಿಸಿದವರು ಇಟಲಿಯ ಗಾಯಕ ದೊಮೆನಿಕೊ ಮೊದುನ್ಯೊ. ಯುರೋಪಿನ ದೇಶಗಳೆಲ್ಲ ಸೇರಿ ವರ್ಷಕ್ಕೊಮ್ಮೆ ನಡೆಸುವ ಯೂರೋವಿಷನ್ ಗೀತಸ್ಪರ್ಧೆಯಲ್ಲಿ ಅವರು ಮೂರು ಸಲ ತಮ್ಮ ದೇಶದ ಪರವಾಗಿ ಹಾಡಿದರು. ಮೊದಲ ಸಲ ಮೂರನೆಯ ಸ್ಥಾನ, ಎರಡನೆಯ ಸಲ ಆರನೆಯ ಸ್ಥಾನ, ಮೂರನೆಯ ಸಲ ಸೊನ್ನೆ ಅಂಕ. ಪ್ರಗತಿಪತ್ರದಲ್ಲಿ ಇಂಥ ಸಾಲನ್ನು ಕಂಡರೆ ಯಾವ ಮಾಸ್ತರನಾದರೂ ತಂದೆತಾಯಿಗಳನ್ನು ಶಾಲೆಗೆ ಕರೆಸುತ್ತಿದ್ದ.

ಮೊದುನ್ಯೊ ಹುಟ್ಟಿದ್ದು 1928ರಲ್ಲಿ, ದಕ್ಷಿಣ ಇಟಲಿಯ ಪುಲಿಯಾ ಪ್ರಾಂತದ ಕಡಲತಡಿಯ ಊರಾದ ಪೊಲಿನ್ಯಾನೊ ಅ ಮಾರೆಯಲ್ಲಿ. ನಟನಾಗಬೇಕೆಂದು ರೋಮ್ ಸೇರಿ ಚಲನಚಿತ್ರ ಶಾಲೆಯಲ್ಲಿ ಕಲಿತವರು. ಆರಂಭದ ಹಾಡುಗಳನ್ನು ಕಟ್ಟಿದ್ದು ತಮ್ಮ ಸೀಮೆಯ ಆಡುಮಾತಿನಲ್ಲಿ. 1958ರಲ್ಲಿ ಅವರು ಸ್ಯಾನ್ ರೆಮೊ ಊರಿನ ಪ್ರಸಿದ್ಧ ಗೀತೋತ್ಸವಕ್ಕೆ ಒಂದು ಹಾಡನ್ನು ತಂದರು. ಅದರ ಸಾಹಿತ್ಯದಲ್ಲಿ ಫ್ರಾಂಕೊ ಮಿಲ್ಯಾಚಿ ಜೊತೆಗಾರರು. 'ನೀಲಿ ಬಳಿದ ನೀಲಿಯೊಳಗೆ' ಎಂಬರ್ಥದ ಉದ್ದನೆಯ ಹೆಸರು ಅದಕ್ಕಿದ್ದರೂ, ಜಗತ್ತು ಅದನ್ನು 'ವೊಲಾರೆ' ಎಂದೇ ಕರೆಯಿತು. ವೊಲಾರೆ ಎಂದರೆ ಹಾರುವುದು. ಎದೆಯ ಮೇಲೆ ಕೈಯಿಟ್ಟು ನಿಂತಲ್ಲೇ ನಿಂತು ಹಾಡುವುದು ಸಭಾಮರ್ಯಾದೆ ಎನಿಸಿದ್ದ ಕಾಲದಲ್ಲಿ ಈ ಮನುಷ್ಯ ಎರಡೂ ತೋಳುಗಳನ್ನು ರೆಕ್ಕೆಗಳಂತೆ ಚಾಚಿ ಹಾಡಿದರು. ಸ್ಯಾನ್ ರೆಮೊದ ಮೊದಲ ಬಹುಮಾನ ಅದಕ್ಕೇ ಬಂತು.

ಅದೇ ವರ್ಷದ ಮಾರ್ಚ್ 12ರಂದು ನೆದರ್ಲೆಂಡ್ಸಿನ ಹಿಲ್ವರ್ಸಮ್‌ನಲ್ಲಿ ಯೂರೋವಿಷನ್ ಸ್ಪರ್ಧೆ. ಹತ್ತು ದೇಶಗಳು. ಮೊದಲು ಹಾಡಿದವರು ಮೊದುನ್ಯೊ. ಪ್ರಸಾರದ ತೊಡಕಿನಿಂದ ಕೆಲವು ದೇಶಗಳಿಗೆ ಅವರ ಹಾಡು ಸರಿಯಾಗಿ ತಲುಪಲಿಲ್ಲವೆಂದು ಕೊನೆಯಲ್ಲಿ ಮತ್ತೊಮ್ಮೆ ಹಾಡಿಸಿದರು. ಎರಡು ಸಲ ಕೇಳಿಸಿದರೂ ದಕ್ಕಿದ್ದು 13 ಅಂಕ. ಫ್ರಾನ್ಸಿನ ಆಂದ್ರೆ ಕ್ಲಾವೊ 27 ಅಂಕ ಪಡೆದು ಗೆದ್ದರು, ಸ್ವಿಟ್ಜರ್ಲೆಂಡಿನ ಲೀಸ್ ಅಸ್ಸಿಯಾ 24 ಅಂಕಗಳೊಡನೆ ಎರಡನೆಯವರಾದರು. ಕ್ಲಾವೊ ಅವರು ಮಧುರ ಕಂಠದ ಗಾಯಕರೇ. ಅವರ ಗೆಲುವನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಆದರೆ ಮುಂದಿನ ತಿಂಗಳುಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಐದು ವಾರ ನಿಂತದ್ದು ಮೂರನೆಯ ಸ್ಥಾನದ ಹಾಡು. 1959ರ ಮೇ ತಿಂಗಳಲ್ಲಿ ಮೊತ್ತಮೊದಲ ಗ್ರ್ಯಾಮಿ ಪ್ರಶಸ್ತಿಗಳನ್ನು ಕೊಟ್ಟಾಗ ವರ್ಷದ ಧ್ವನಿಮುದ್ರಿಕೆ, ವರ್ಷದ ಗೀತೆ ಎಂಬ ಎರಡು ದೊಡ್ಡ ಗೌರವಗಳೂ ಅದಕ್ಕೇ ಸಂದವು. ಇಂಗ್ಲಿಷಿನ ಒಂದು ಪದವೂ ಬಾರದೆ ಹಾಡನ್ನು ಗುನುಗುವವರಂತೆ, ಇಟಾಲಿಯನ್ನಿನ ಒಂದು ಪದವೂ ಬಾರದ ಲಕ್ಷಾಂತರ ಅಮೆರಿಕನ್ನರು ಅದನ್ನು ಗುನುಗಿದರು.

ಹಾಗಾದರೆ ತೀರ್ಪುಗಾರರಿಗೆ ಕಿವಿ ಇರಲಿಲ್ಲವೇ? ಇತ್ತು. ದೋಷವಿದ್ದದ್ದು ಅಂಕ ಹಾಕುವ ಕ್ರಮದಲ್ಲಿ ಎಂಬುದು ನನ್ನ ಅಭಿಪ್ರಾಯ. ಆಗ ಪ್ರತಿ ದೇಶಕ್ಕೂ ಹತ್ತು ಮಂದಿ ತೀರ್ಪುಗಾರರು. ಪ್ರತಿಯೊಬ್ಬರೂ ತಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಒಂದೇ ಹಾಡಿಗೆ ಒಂದು ಅಂಕ ಕೊಡಬೇಕು. ಒಟ್ಟು ನೂರು ಅಂಕ. ಎರಡನೆಯದಾಗಿ ಮೆಚ್ಚಿದ ಹಾಡಿಗೆ ಏನೂ ಇಲ್ಲ. ನೂರೂ ಜನ ಒಂದು ಹಾಡನ್ನು 'ಎರಡನೆಯ ಅತ್ಯುತ್ತಮ' ಎಂದು ಮನಸ್ಸಿನಲ್ಲಿ ಬಗೆದಿದ್ದರೆ ಅದಕ್ಕೆ ಬರುವುದು ಸೊನ್ನೆಯೇ.

1959ರಲ್ಲಿ ಮೊದುನ್ಯೊ ಮತ್ತೆ ಸ್ಯಾನ್ ರೆಮೊ ಗೆದ್ದು ಫ್ರಾನ್ಸಿನ ಕಾನ್ ನಗರಕ್ಕೆ ಹೋದರು, ಆರನೆಯವರಾದರು. ಆ ಹಾಡೂ ಯುರೋಪಿನಾದ್ಯಂತ ಜನಪ್ರಿಯವಾಯಿತು. ವಿವರಿಸಿದರೆ ಹೇಳಿದ್ದನ್ನೇ ಹೇಳಿದಂತಾದೀತು.

1966ರ ಕಥೆ ಬೇರೆ. ಆಗ ಅವರು ಜಗತ್ಪ್ರಸಿದ್ಧರು, ನಾಲ್ಕನೆಯ ಸಲ ಸ್ಯಾನ್ ರೆಮೊ ಗೆದ್ದು ಬಂದವರು. ಲಕ್ಸೆಂಬರ್ಗಿನಲ್ಲಿ ಹದಿನೆಂಟು ದೇಶಗಳು ಸ್ಪರ್ಧಿಸಿದವು. ಇಟಲಿಗೂ ಮೊನಾಕೊಗೂ ಒಂದೇ ಒಂದು ಅಂಕ ಬೀಳಲಿಲ್ಲ. ಇಂದಿಗೂ ಈ ಸೊನ್ನೆಯನ್ನು ತಮಾಷೆಯ ಸಂಗತಿಯಾಗಿ ಹೇಳುವವರಿದ್ದಾರೆ. ಆದರೆ ಓದುಗ ಮಿತ್ರರು ದಯವಿಟ್ಟು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಆ ವರ್ಷ ಒಂದೊಂದು ದೇಶದ ತೀರ್ಪುಗಾರರ ಮಂಡಳಿಯೂ ತಾನು ಮೆಚ್ಚಿದ ಮೂರು ಹಾಡುಗಳಿಗೆ ಮಾತ್ರ 5, 3, 1 ಎಂದು ಅಂಕ ಹಂಚುತ್ತಿತ್ತು. ಉಳಿದ ಹದಿನೇಳು ದೇಶಗಳೂ ಮೊದುನ್ಯೊ ಅವರಿಗೆ ನಾಲ್ಕನೆಯ ಸ್ಥಾನ ಕೊಟ್ಟಿದ್ದವು ಎಂದು ಊಹಿಸಿಕೊಳ್ಳಿ (ಹಾಗೆ ಕೊಟ್ಟಿದ್ದವೆಂದು ನಾನು ಹೇಳುತ್ತಿಲ್ಲ). ಅಂಕ ಸೊನ್ನೆ. ಇನ್ನೊಂದು ಹಾಡನ್ನು ಎರಡು ದೇಶಗಳು ತಲೆಯ ಮೇಲೆ ಹೊತ್ತು, ಹದಿನೈದು ದೇಶಗಳು ಕಸವೆಂದು ಬಿಸುಟರೆ ಅದಕ್ಕೆ ಹತ್ತು ಅಂಕ. ಇಲ್ಲಿ ಸೊನ್ನೆ ಎಂದರೆ 'ಯಾರಿಗೂ ಬೇಡವಾಯಿತು' ಎಂದು ಅರ್ಥವಲ್ಲ, 'ಯಾವ ದೇಶದ ಮೊದಲ ಮೂರರಲ್ಲೂ ಇರಲಿಲ್ಲ' ಎಂದಷ್ಟೇ. ಗಣಿತದ ಮೇಷ್ಟ್ರುಗಳಿಗೆ ಇದು ತಟ್ಟನೆ ಹೊಳೆಯುತ್ತದೆ. ಪತ್ರಿಕೆಗಳ ತಲೆಬರಹ ಬರೆಯುವವರಿಗೆ ಹೊಳೆಯುವುದಿಲ್ಲ.

ಸ್ಪರ್ಧೆಗಳೇ ಬೇಡವೆಂದು ವಾದಿಸುವ ಗೆಳೆಯರು ನನಗಿದ್ದಾರೆ. ಅವರೊಡನೆ ನನಗೆ ಸಹಮತವಿಲ್ಲ. 1966ರಲ್ಲಿ ಗೆದ್ದ ಆಸ್ಟ್ರಿಯದ ಉಡೊ ಯುರ್ಗೆನ್ಸ್ ಅವರನ್ನೇ ನೋಡಿ. 1964ರಲ್ಲಿ ಆರನೆಯ ಸ್ಥಾನ, 1965ರಲ್ಲಿ ನಾಲ್ಕನೆಯ ಸ್ಥಾನ, ಆಮೇಲೆ 31 ಅಂಕಗಳ ಜಯ. ಹಟ ಹಿಡಿದು ಮತ್ತೆ ಮತ್ತೆ ವೇದಿಕೆ ಹತ್ತಿದ್ದಕ್ಕೆ ಫಲ ದೊರೆಯಿತು. ಅದಕ್ಕಿಂತ ನನಗೆ ಪ್ರಿಯವಾದದ್ದು 1964ರ ಒಂದು ಪ್ರಸಂಗ: ಆ ವರ್ಷ ಎರಡನೆಯ ಸ್ಥಾನ ಪಡೆದ ಬ್ರಿಟನ್ನಿನ ಮ್ಯಾಟ್ ಮನ್ರೊ, ಆರನೆಯವರಾದ ಯುರ್ಗೆನ್ಸ್ ಅವರ ಹಾಡನ್ನು ಮೆಚ್ಚಿ, ಅದನ್ನು ಇಂಗ್ಲಿಷಿಗೆ ತಂದು ಹಾಡಿ ಜನಪ್ರಿಯಗೊಳಿಸಿದರು. ತೀರ್ಪುಗಾರರು ಗುರುತಿಸದ್ದನ್ನು ಎದುರಾಳಿಯೇ ಗುರುತಿಸಿದ! ಒಂದು ಸೂರಿನಡಿ ಇಷ್ಟು ಜನ ಕಲಾವಿದರು ಕಲೆಯದೇ ಇದ್ದಿದ್ದರೆ ಅದು ಆಗುತ್ತಿತ್ತೆ? ಆದ್ದರಿಂದ ಸ್ಪರ್ಧೆ ಇರಲಿ. ಅದರ ಫಲಿತಾಂಶವನ್ನು ಓದುವ ವಿವೇಕವೂ ಇರಲಿ. 1974ರಲ್ಲಿ ಸ್ವೀಡನ್ನಿನ ಅಬ್ಬಾ ತಂಡ 'ವಾಟರ್‌ಲೂ' ಹಾಡಿಗೆ ಪ್ರಥಮ ಸ್ಥಾನ ಪಡೆದಾಗ, ಸ್ಪರ್ಧೆ ನಡೆದ ಬ್ರಿಟನ್ನಿನ ತೀರ್ಪುಗಾರರೇ ಆ ಹಾಡಿಗೆ ಒಂದಂಕವನ್ನೂ ಕೊಟ್ಟಿರಲಿಲ್ಲ. ಕೆಲವೇ ವಾರಗಳಲ್ಲಿ ಅದು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲನೆಯದಾಯಿತು. 2005ರಲ್ಲಿ, ಯೂರೋವಿಷನ್ನಿನ ಐವತ್ತನೆಯ ವರ್ಷದ ಸಮಾರಂಭದಲ್ಲಿ, ಸ್ಪರ್ಧೆಯ ಇತಿಹಾಸದ ಅತ್ಯುತ್ತಮ ಹಾಡನ್ನು ಆರಿಸಿದಾಗ ಮೊದಲ ಸ್ಥಾನ ಆ 'ವಾಟರ್‌ಲೂ'ಗೆ ಬಂತು. ಎರಡನೆಯದು 1958ರ 'ವೊಲಾರೆ'. ಅದನ್ನು ಅಂದು ಹಿಂದಿಕ್ಕಿದ್ದ ಎರಡು ಹಾಡುಗಳಿಗೆ ಆ ಆಯ್ಕೆಯ ಕಣದಲ್ಲೇ ಎಡೆಯಿರಲಿಲ್ಲ.

ಇದನ್ನೆಲ್ಲ ಇಲ್ಲಿ ಇಷ್ಟು ದೀರ್ಘವಾಗಿ ಬರೆಯಲು ಕಾರಣ, ನಮ್ಮ ಕನ್ನಡ ವಾಹಿನಿಗಳ ಹಾಡಿನ ಸ್ಪರ್ಧೆಗಳು. ಎಂಟು ಹತ್ತು ವರ್ಷದ ಮಗು ಅಂಕ ಕಡಿಮೆಯಾಯಿತೆಂದು ಅಳುತ್ತದೆ, ಕ್ಯಾಮೆರಾ ಆ ಕಣ್ಣೀರಿನ ಹತ್ತಿರಕ್ಕೆ ಹೋಗುತ್ತದೆ, ಹಿನ್ನೆಲೆಯಲ್ಲಿ ಪಿಟೀಲು. ಶಾಲೆಯ ಭಾವಗೀತೆ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕೂತವನಾದ್ದರಿಂದ ಹೇಳುತ್ತೇನೆ, ಶ್ರುತಿಗೆ ಹತ್ತು, ತಾಳಕ್ಕೆ ಹತ್ತು, ಭಾವಕ್ಕೆ ಹತ್ತು ಎಂದು ವಿಂಗಡಿಸಿದ ಹಾಳೆಯಲ್ಲಿ ತೋಳು ಚಾಚಿ ಹಾಡುವವನಿಗೆ ಅಂಕ ಕೊಡುವ ಕಲಮು ಇರುವುದಿಲ್ಲ. ಮಗು ಯಾವ ಹಾಳೆಯ ಮೇಲೆ ಸೋತಿತು ಎಂಬುದನ್ನು ಅದಕ್ಕೆ ಬಿಡಿಸಿ ಹೇಳುವ ಕರ್ತವ್ಯ ಆಯೋಜಕರದು. ಅವರು ಮಾಡದಿದ್ದರೆ ತಂದೆತಾಯಿಗಳದು.

ಮೊದುನ್ಯೊ ಯೂರೋವಿಷನ್ ವೇದಿಕೆಗೆ ಮತ್ತೆ ಹೋಗಲಿಲ್ಲ. 1984ರಲ್ಲಿ ಪಾರ್ಶ್ವವಾಯು ಬಡಿದು ಮಾತು, ನಡಿಗೆ ಎರಡೂ ಕುಂಠಿತವಾದವು. 1987ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ ಅಂಗವಿಕಲರ ಹಕ್ಕುಗಳಿಗಾಗಿ ದುಡಿದರು. ಸಿಸಿಲಿಯ ಅಗ್ರಿಜೆಂಟೊದಲ್ಲಿ ಮನೋರೋಗಿಗಳ ಆಸ್ಪತ್ರೆಯೊಂದರ ಘೋರ ಸ್ಥಿತಿಯ ವಿರುದ್ಧ ದನಿಯೆತ್ತಿದರು. ಹುಟ್ಟೂರಿನವರಿಗೆ ಅವರ ಮೇಲೆ ಹಳೆಯದೊಂದು ಮುನಿಸಿತ್ತು, ಏಕೆಂದರೆ ಹೆಸರು ಮಾಡುವ ಆತುರದ ದಿನಗಳಲ್ಲಿ ಅವರು ಸಿಸಿಲಿಯವನೆಂದು ಹೇಳಿಸಿಕೊಂಡಿದ್ದರು. 1993ರಲ್ಲಿ ಅವರು ಪೊಲಿನ್ಯಾನೊಗೆ ಮರಳಿ, ತಡವರಿಸುವ ಕಂಠದಲ್ಲಿಯೇ ತಮ್ಮ ಜನರೆದುರು ಹಾಡಿದರು. ಮರುವರ್ಷ ಆಗಸ್ಟ್ 6ರಂದು ಲ್ಯಾಂಪೆದೂಸ ದ್ವೀಪದಲ್ಲಿ ತೀರಿಕೊಂಡರು. ಆ ಊರಿನ ಕಡಲಂಚಿನಲ್ಲಿ ಈಗ ಅವರ ಪ್ರತಿಮೆಯಿದೆ, ಎರಡೂ ತೋಳುಗಳನ್ನು ಚಾಚಿ.