ತರಿ, ಖುಷ್ಕಿ ಮತ್ತು ಯಂತ್ರದ ಉತ್ತರ

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಮುಳುಗಡೆಯಾಗುವ ಭೂಮಿಗೆ ದರ ನಿಗದಿ ಮಾಡಿತು. ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮುಳುಗುವ ನೆಲ 75 ಸಾವಿರ ಎಕರೆಗೂ ಮಿಕ್ಕುತ್ತದೆ. ದಾಖಲೆಯಲ್ಲಿ ‘ತರಿ’ ಎಂದಿದೆಯೋ ‘ಖುಷ್ಕಿ’ ಎಂದಿದೆಯೋ ಎಂಬುದು ಇನ್ನು ಬರಿಯ ಪದದ ಮಾತಲ್ಲ.

ಇಂತಹ ಕಾಗದಗಳನ್ನು ಈಗ ನಮ್ಮ ತರುಣರು ಓದಿಸುವುದು ಯಾರಿಂದ? ಕೃತಕ ಬುದ್ಧಿಮತ್ತೆಯ ಸಹಾಯಕಗಳಿಂದ. ಮೊಬೈಲಿನಲ್ಲಿ ಪುಟದ ಚಿತ್ರ ತೆಗೆದು ‘ಇದರಲ್ಲಿ ಏನಿದೆ ಹೇಳು’ ಎಂದರೆ ಸಾಕು, ಕ್ಷಣದಲ್ಲಿ ಉತ್ತರ ಬರುತ್ತದೆ. ಉತ್ತರ ಸರಿಯೋ ತಪ್ಪೋ, ಧಾಟಿ ಮಾತ್ರ ಸದಾ ಆತ್ಮವಿಶ್ವಾಸದ್ದು. ‘ತರಿ’ ಎಂದರೆ ನೀರಾವರಿ ಭೂಮಿಯೂ ಹೌದು, ಕಡಿ ಎಂಬ ಕ್ರಿಯಾಪದವೂ ಹೌದು. ‘ಮಡ್ಡಿ’ ಎಂದರೆ ಬಿಜಾಪುರ ಸೀಮೆಯಲ್ಲಿ ಎತ್ತರದ ತೆಳುಮಣ್ಣಿನ ಹೊಲ, ಬೇರೆಡೆ ಎಣ್ಣೆಯ ತಳದ ಗಷ್ಟು. ‘ಎರೆ’ ಕಪ್ಪು ಮಣ್ಣೂ ಹೌದು, ಹುಳುವೂ ಹೌದು. ಬೆಟ್ಟದ ನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉತ್ತರ ಕನ್ನಡದ ದಾಖಲೆಯಲ್ಲಿ ‘ಬೆಟ್ಟ’ ಎಂದರೆ ಗುಡ್ಡವಲ್ಲ, ಅಡಿಕೆ ತೋಟಕ್ಕೆ ಸೊಪ್ಪು ತರುವ ಹಕ್ಕಿನ ನೆಲ. ‘ಕಾನು’ ಎಂಬುದನ್ನು ಬರಿಯ ಕಾಡು ಎಂದು ಅನುವಾದಿಸಿದರೆ ಅರ್ಧ ಇತಿಹಾಸವೇ ಅಳಿಸಿಹೋಗುತ್ತದೆ.

ಹಾಗೆಂದು ಯಂತ್ರವನ್ನು ದೂರವಿಡಿ ಎಂದು ಈ ಲೇಖಕ ಹೇಳಲಾರ. ಪರಿಸರ ಪರಿಣಾಮ ವರದಿಗಳು ಇಂಗ್ಲಿಷಿನಲ್ಲಿ ನೂರಾರು ಪುಟ ಇರುತ್ತವೆ. 2006ರ ಅಧಿಸೂಚನೆಯ ಪ್ರಕಾರ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ಸಾರಾಂಶ ಮಾತ್ರ. ಸಾರ್ವಜನಿಕ ಅಹವಾಲಿಗೆ ಮೊದಲು ಜನರಿಗೆ ದೊರೆಯುವ ಕನಿಷ್ಠ ಕಾಲ 30 ದಿನ. 2020ರಲ್ಲಿ ಹೊಸ ಕರಡು ಅಧಿಸೂಚನೆ ಬಂದಾಗ ಅದನ್ನು ಕನ್ನಡದಲ್ಲಿ ಪ್ರಕಟಿಸಲೇ ಇಲ್ಲ. ಅನುಸೂಚಿತ ಭಾಷೆಗಳಿಗೆಲ್ಲ ಅನುವಾದಿಸಬೇಕೆಂದು ಜೂನ್ 30ರಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಅಂತಿಮ ಅಧಿಸೂಚನೆ ಹೊರಡಿಸದಂತೆ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಮಧ್ಯಂತರ ತಡೆ ನೀಡಬೇಕಾಯಿತು. ಪ್ರತಿ ಸಲವೂ ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿ ಹಳ್ಳಿಗಳಿಗೆಲ್ಲಿದೆ? ಮೂವತ್ತು ದಿನಗಳಲ್ಲಿ ಐನೂರು ಪುಟ ಓದಿಕೊಡುವ ಕೆಲಸಗಾರ ಸಿಕ್ಕರೆ ಬೇಡವೆನ್ನುವುದು ಜಾಣತನವಲ್ಲ.

ಪ್ರಶ್ನೆ ಇರುವುದು ಆ ಕೆಲಸಗಾರನಿಗೆ ಯಾರು ಯಜಮಾನರು ಎಂಬುದರಲ್ಲಿ. ನಮ್ಮದೇ ಮೇಜಿನ ಗಣಕಯಂತ್ರದಲ್ಲಿ ಕುಳಿತು, ನಮ್ಮ ಕಡತಗಳಿಗೂ ಸಹಾಯಕಕ್ಕೂ ನಡುವೆ ಬಾಗಿಲು ಕಾಯುವ ಒಂದು ಸಣ್ಣ ತಂತ್ರಾಂಶ ಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಲೇಜುಗಳ ವಿದ್ಯಾರ್ಥಿಗಳು ಅದನ್ನು ಕಟ್ಟಲು ಸಮರ್ಥರು ಎಂಬುದು ನಮ್ಮ ನಂಬಿಕೆ. ಈ ನಾಲ್ಕು ಊರುಗಳೇ ಏಕೆಂದರೆ ಅಲ್ಲಿ ಓದಬೇಕಾದ ಕಾಗದ ಬೆಟ್ಟದಷ್ಟಿದೆ. ಆಲಮಟ್ಟಿ ಅಣೆಕಟ್ಟು ಇರುವುದು ಹಿಂದಿನ ಬಾಗೇವಾಡಿ ತಾಲ್ಲೂಕಿನಲ್ಲಿ. ಮುದ್ದೇಬಿಹಾಳಕ್ಕೆ ನಾರಾಯಣಪುರ ಹಿನ್ನೀರಿನ ಮುಳುಗಡೆಯ ನೆನಪು ಇನ್ನೂ ಆರಿಲ್ಲ. ಸಿಂದಗಿ ಮತ್ತು ಇಂಡಿಗೆ ಒಂದು ಕಡೆ ಭೀಮೆಯ ಪ್ರವಾಹ, ಇನ್ನೊಂದು ಕಡೆ ಕಾಲುವೆಯ ಕೊನೆಗೆ ನೀರು ಮುಟ್ಟದ ದೂರು.

ಕೆಲಸದ ಮೊದಲ ತೊಡಕು ಕೃತಕ ಬುದ್ಧಿಯದಲ್ಲ, ಅಕ್ಷರದ್ದು. 1998ರಲ್ಲಿ ‘ಬರಹ’ ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿ ಕಚೇರಿಗಳಲ್ಲಿ ನೆಲೆಯಾಯಿತು. ಇವೆರಡರ ಉಪಕಾರ ದೊಡ್ಡದು. ಆದರೆ ಆ ಕಾಲದ ಅಕ್ಷರವಿನ್ಯಾಸದಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಯಂತ್ರದ ಹೊಟ್ಟೆಯೊಳಗಿರುವುದು ಇಂಗ್ಲಿಷ್ ಸಂಕೇತಗಳ ಕಲಸುಮೇಲೋಗರ. ಅದನ್ನು ನೇರವಾಗಿ ಸಹಾಯಕದ ಮುಂದಿಟ್ಟರೆ ಅದಕ್ಕೆ ಕನ್ನಡವೇ ಕಾಣದು. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಅದಕ್ಕೆ ಮುಕ್ತ ಪರಿವರ್ತಕಗಳಿವೆ. ಮುದ್ರಿತ ಪುಟವಾದರೆ ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶ ಚಿತ್ರದಿಂದ ಕನ್ನಡ ಅಕ್ಷರ ಎತ್ತಿಕೊಡುತ್ತದೆ. ತಪ್ಪುಗಳನ್ನು ಕೈಯಾರೆ ತಿದ್ದಬೇಕು. ಕನ್ನಡ ತಂತ್ರಾಂಶಕ್ಕಾಗಿ ಮೂಡಿಗೆರೆಯಲ್ಲಿ ಕುಳಿತೇ ದನಿ ಎತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು ಇಂದಿದ್ದರೆ, ಈ ತಿದ್ದುವ ಕೆಲಸಕ್ಕೆ ಊರಿನ ಹುಡುಗರನ್ನೆಲ್ಲ ಕೂಡಿಹಾಕುತ್ತಿದ್ದರೇನೋ!

ಮುಂದಿನದು ಸುಲಭ. ಐನೂರು ಪುಟವನ್ನೂ ಸಹಾಯಕದ ಬಾಯಿಗೆ ತುರುಕುವ ಅಗತ್ಯವಿಲ್ಲ. ಪ್ರಶ್ನೆಗೆ ಸಂಬಂಧಿಸಿದ ನಾಲ್ಕೈದು ಪುಟಗಳನ್ನು ತಂತ್ರಾಂಶವೇ ಹುಡುಕಿ, ಅದರ ಜೊತೆ ಸ್ಥಳೀಯ ಪದಕೋಶವನ್ನು ಸೇರಿಸಿ ಕಳಿಸಲಿ. ಉತ್ತರದ ಪ್ರತಿ ವಾಕ್ಯಕ್ಕೂ ಮೂಲದ ಪುಟಸಂಖ್ಯೆ ಕೇಳಲಿ, ಆ ಪುಟವನ್ನು ಪಕ್ಕದಲ್ಲೇ ತೆರೆದಿಡಲಿ. ಪುಟಸಂಖ್ಯೆ ಇಲ್ಲದ ವಾಕ್ಯ ಕೆಂಪಾಗಿ ಕಾಣಲಿ. ಕೇಳಿದ್ದು, ಬಂದದ್ದು ಎರಡೂ ದಿನಾಂಕ ಸಹಿತ ಉಳಿಯಲಿ. ನಾಳೆ ಅಹವಾಲಿನಲ್ಲಿ ಯಾರಾದರೂ ‘ಇದನ್ನು ಎಲ್ಲಿಂದ ತಂದಿರಿ’ ಎಂದರೆ ತೋರಿಸಬೇಕಲ್ಲ. ಕಳಿಸುವ ಮುನ್ನ ರೈತರ ಹೆಸರು, ಸರ್ವೆ ನಂಬರು, ಖಾತೆ ಸಂಖ್ಯೆಗಳನ್ನು ಮರೆಮಾಡಲಿ. ಪರಿಹಾರಕ್ಕೆ ಕಾದಿರುವ ಊರಿನಲ್ಲಿ ಯಾರ ಹೊಲ ಎಷ್ಟೆಂಬ ಪಟ್ಟಿ ಯಾರ ಕೈಗೆ ಸಿಕ್ಕಿದರೆ ಏನಾಗುತ್ತದೆಂದು ದಲ್ಲಾಳಿಗಳನ್ನು ಕಂಡವರಿಗೆ ಗೊತ್ತು.

ಹೊರಗೆ ಕಳಿಸಲೇಬಾರದ ಕಾಗದಗಳಿಗೆ ಇನ್ನೊಂದು ದಾರಿಯಿದೆ. 2023ರಲ್ಲಿ ಬಂದ ಲಾಮಾ.ಸಿಪಿಪಿ ಎಂಬ ಮುಕ್ತ ತಂತ್ರಾಂಶದಿಂದ ಸಣ್ಣ ಮಾದರಿಗಳನ್ನು ಸಾಧಾರಣ ಗಣಕಯಂತ್ರದಲ್ಲೇ, ಅಂತರಜಾಲವಿಲ್ಲದೆ ನಡೆಸಬಹುದು. ಅದೇ ವರ್ಷ ಮದರಾಸು ಐಐಟಿಯ ಎಐ4ಭಾರತ್ ತಂಡವು 22 ಅನುಸೂಚಿತ ಭಾಷೆಗಳ ಅನುವಾದ ಮಾದರಿ ಇಂಡಿಕ್‌ಟ್ರಾನ್ಸ್2 ಅನ್ನು ಮುಕ್ತವಾಗಿ ಕೊಟ್ಟಿದೆ. ಇವು ನಿಧಾನ. ಸಣ್ಣ ಮಾದರಿಗಳ ಕನ್ನಡವಂತೂ ಕುಂಟುತ್ತದೆ. ಆದರೂ ಇಂಗ್ಲಿಷ್ ವರದಿಯಲ್ಲಿ ‘ಹಾರುಬೂದಿ’ಯ ಮಾತು ಎಲ್ಲೆಲ್ಲಿದೆ ಎಂದು ಹುಡುಕಲು ಅಷ್ಟು ಸಾಕು.

ಹಾರುಬೂದಿ ಎಂದದ್ದು ಸುಮ್ಮನೆ ಅಲ್ಲ. ಹಿಂದಿನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2400 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಅದರ ನೀರು ಆಲಮಟ್ಟಿಯದು. 2014ರ ಜುಲೈನಲ್ಲಿ ಅಲ್ಲಿ ಪ್ರತಿಭಟಿಸಿದ ರೈತರ ಮೇಲೆ ಗೋಲಿಬಾರ್ ನಡೆಯಿತು. ಸಹಾಯಕಗಳು ಉತ್ತರ ಕೊಡುವುದು ದತ್ತಾಂಶ ಕೇಂದ್ರಗಳಿಂದ. ಅವಕ್ಕೂ ಬೇಕಾದದ್ದು ವಿದ್ಯುತ್ತು ಮತ್ತು ನೀರೇ. ಶರಾವತಿಯ ಕಣಿವೆಯವರಿಗೆ ಈ ಲೆಕ್ಕ ಹೊಸದಲ್ಲ. ಒಂದೇ ವರದಿಯನ್ನು ಇಪ್ಪತ್ತು ಜನ ಇಪ್ಪತ್ತು ಸಲ ಕಳಿಸುವ ಬದಲು ಒಮ್ಮೆ ಓದಿಸಿ, ಉತ್ತರವನ್ನು ಉಳಿಸಿಟ್ಟು ಹಂಚಿಕೊಳ್ಳುವ ವ್ಯವಸ್ಥೆ ತಂತ್ರಾಂಶದಲ್ಲೇ ಇರಬೇಕೆಂದು ನಾವು ಒತ್ತಾಯಿಸುವುದು ಇದಕ್ಕೇ.

ಪದಕೋಶವನ್ನು ಮಾತ್ರ ಯಂತ್ರ ಮಾಡಿಕೊಡದು. ಸಿಂದಗಿಯ ವಿದ್ಯಾರ್ಥಿಗಳು ಡೋಣಿ ದಂಡೆಯ ಹಿರಿಯರಿಂದ ಮಣ್ಣು, ಸವುಳು, ಹಳ್ಳಗಳ ಹೆಸರು ಬರೆದುಕೊಳ್ಳಲಿ. ಇಂಡಿಯವರು ಲಿಂಬೆ ತೋಟದ ಮಾತುಗಳನ್ನು ಕೂಡಿಸಲಿ. ಗ್ರಾಮಲೆಕ್ಕಿಗರಾಗಿ ನಿವೃತ್ತರಾದವರು ಊರಿಗೊಬ್ಬರಾದರೂ ಇದ್ದಾರೆ. ತರಿ, ಖುಷ್ಕಿ, ಬಾಗಾಯತುಗಳ ಬಗ್ಗೆ ಅವರನ್ನು ಕೇಳುವ ಕೆಲಸ ಈ ಬೇಸಿಗೆಯ ರಜೆಯಲ್ಲೇ ಆಗಬಹುದು. ಕಾನು, ಬೆಟ್ಟ, ಹಕ್ಕಲುಗಳ ಪಟ್ಟಿಯನ್ನು ಘಟ್ಟದ ಮೇಲಿನ ನಾವು ಒದಗಿಸೋಣ.