ಬ್ರೇಕು ಒತ್ತಿದರೂ ಕಾರು ಜಾರುವುದೇಕೆ?

ಮೊದಲ ಮಳೆ ಬಿದ್ದ ಸಂಜೆ ಬಿಳೇಕಹಳ್ಳಿಯ ಬಳಿ ಬನ್ನೇರುಘಟ್ಟ ರಸ್ತೆಯಲ್ಲಿ ಸ್ಕೂಟರಿನವರು ಎಚ್ಚರದಿಂದ, ಕಾಲು ಇಳಿಬಿಟ್ಟುಕೊಂಡೇ ಸಾಗುತ್ತಾರೆ. ಡಾಂಬರಿನ ಮೇಲಿನ ದೂಳು, ಎಣ್ಣೆಯ ಪಸೆ ನೀರಿನೊಡನೆ ಕಲೆತು ರಸ್ತೆ ಸೋಪು ಹಚ್ಚಿದಂತಾಗುತ್ತದೆಂದು ಅವರಿಗೆ ಗೊತ್ತು. ಕಾರಿನಲ್ಲಿ ಕುಳಿತವರಿಗೆ ಆ ಭಯ ಕಡಿಮೆ. ‘ಎಬಿಎಸ್ ಇದೆಯಲ್ಲ’ ಎಂಬ ಧೈರ್ಯ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯವೂ ಆಗಿದೆ.

ಆದರೆ ಕಾರನ್ನು ನಿಲ್ಲಿಸುವುದು ಬ್ರೇಕಲ್ಲ, ಟೈರು. ಬ್ರೇಕು ಹಿಡಿಯುವುದು ಚಕ್ರವನ್ನಷ್ಟೇ. ಕಾರನ್ನು ಹಿಡಿಯಬೇಕಾದದ್ದು ಟೈರು ನೆಲಕ್ಕೆ ತಾಗುವ, ಹೆಚ್ಚುಕಡಿಮೆ ಅಂಗೈಯಗಲದ ಜಾಗ. ಅಲ್ಲಿರುವ ಹಿಡಿತಕ್ಕೆ ಮಿತಿಯಿದೆ. ನಿಲ್ಲುವುದಕ್ಕೂ ತಿರುಗುವುದಕ್ಕೂ ಅದನ್ನೇ ಹಂಚಿಕೊಳ್ಳಬೇಕು. ಗಾಬರಿಯಲ್ಲಿ ಬ್ರೇಕು ತುಳಿದು ಚಕ್ರ ಉರುಳದೆ ಬಿಗಿದುಕೊಂಡರೆ ಹಿಡಿತವೆಲ್ಲ ಜಾರುವುದರಲ್ಲೇ ಮುಗಿಯುತ್ತದೆ. ಆಗ ಸ್ಟೀರಿಂಗು ಎತ್ತ ತಿರುಗಿಸಿದರೂ ಕಾರು ನೇರ ಮುಂದಕ್ಕೇ.

ಎಬಿಎಸ್ ತಡೆಯುವುದು ಇದನ್ನೇ. ಪ್ರತಿ ಚಕ್ರದ ಬಳಿಯೂ ಅದರ ವೇಗ ಅಳೆಯುವ ಸೆನ್ಸರ್ ಇರುತ್ತದೆ. ಯಾವುದಾದರೂ ಚಕ್ರ ಥಟ್ಟನೆ ನಿಧಾನವಾದರೆ ಗಣಕವು ಆ ಚಕ್ರದ ಬ್ರೇಕಿನ ಎಣ್ಣೆಯ ಒತ್ತಡ ಸಡಿಲಿಸಿ ಮರುಕ್ಷಣ ಮತ್ತೆ ಬಿಗಿ ಮಾಡುತ್ತದೆ, ಸೆಕೆಂಡಿಗೆ ಹಲವು ಬಾರಿ. ಆಗ ಪೆಡಲು ಕಾಲಡಿಯಲ್ಲಿ ನಡುಗುತ್ತದೆ, ಕಟಕಟ ಸದ್ದೂ ಕೇಳುತ್ತದೆ. ಏನೋ ಮುರಿಯಿತೆಂದು ಹೆದರಿ ಹೊಸ ಚಾಲಕರು ಕಾಲು ತೆಗೆಯುವುದುಂಟು. ಹಾಗೆ ಮಾಡಲೇಬಾರದು. ಒತ್ತಿದ ಕಾಲು ಒತ್ತಿಯೇ ಇರಬೇಕು, ಕೈ ಸ್ಟೀರಿಂಗು ತಿರುಗಿಸಬೇಕು. ಮಗನಿಗೋ ಮಗಳಿಗೋ ಕಾರು ಕಲಿಸುವ ತಂದೆತಾಯಿ ಕಲಿಸುವವರ ಜೊತೆಯಲ್ಲಿ, ಖಾಲಿ ಮೈದಾನದಲ್ಲಿ ಇದನ್ನೊಮ್ಮೆ ಮಾಡಿಸಿದರೆ ಹತ್ತು ಉಪದೇಶಕ್ಕಿಂತ ಮೇಲು. ಅಂದಹಾಗೆ, ಸಡಿಲ ಜಲ್ಲಿಯ ಮೇಲೆ ಎಬಿಎಸ್ ಇರುವ ಕಾರು ನಿಲ್ಲಲು ತುಸು ಹೆಚ್ಚೇ ದೂರ ತೆಗೆದುಕೊಳ್ಳಬಹುದು. ಬಿಗಿದ ಚಕ್ರ ಮುಂದೆ ಗುಡ್ಡೆ ಮಾಡಿಕೊಳ್ಳುವ ಜಲ್ಲಿಯ ತಡೆ ಉರುಳುವ ಚಕ್ರಕ್ಕೆ ಸಿಗುವುದಿಲ್ಲ.

ಬಿಳೇಕಹಳ್ಳಿಯ ಮಗ್ಗುಲಲ್ಲೇ ಅರೆಕೆರೆ ಮೈಕೋ ಬಡಾವಣೆಯಿದೆ. ಆ ಹೆಸರು ಬಂದದ್ದು ಆಡುಗೋಡಿಯ ಮೈಕೋ ಕಂಪನಿಯಿಂದ. 2008ರಲ್ಲಿ ಅದು ಬಾಷ್ ಆಯಿತು. ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ತಯಾರಾಗುತ್ತಿದ್ದ ಕಾಲದಲ್ಲೇ ಜರ್ಮನಿಯ ಮೂಲ ಕಂಪನಿ 1978ರಲ್ಲಿ ಎಬಿಎಸ್ಸನ್ನೂ 1995ರಲ್ಲಿ ಸ್ಥಿರತಾ ನಿಯಂತ್ರಣವನ್ನೂ ಮರ್ಸಿಡಿಸ್ ಕಾರುಗಳಿಗೆ ಕೊಟ್ಟಿತು. ಈ ಎರಡನೆಯದು ಇನ್ನೂ ಜಾಣ. ಸ್ಟೀರಿಂಗು ಎತ್ತ ತಿರುಗಿದೆ, ಕಾರು ನಿಜಕ್ಕೂ ಎತ್ತ ತಿರುಗುತ್ತಿದೆ ಎಂಬುದನ್ನು ಹೋಲಿಸುತ್ತಲೇ ಇರುತ್ತದೆ. ಎರಡೂ ಬೇರೆಯಾದರೆ, ಚಾಲಕ ಬ್ರೇಕು ಮುಟ್ಟದಿದ್ದರೂ, ಒಂದೇ ಒಂದು ಚಕ್ರಕ್ಕೆ ಬ್ರೇಕು ಹಾಕುತ್ತದೆ. ಹಿಂಭಾಗ ಹೊರಕ್ಕೆ ಜಾರಿದರೆ ತಿರುವಿನ ಹೊರಬದಿಯ ಮುಂಚಕ್ರಕ್ಕೆ. ಮುಂಭಾಗ ತಿರುಗದೆ ನೇರ ಹೋದರೆ ಒಳಬದಿಯ ಹಿಂಚಕ್ರಕ್ಕೆ. ದೋಣಿಯಲ್ಲಿ ಒಂದೇ ಬದಿಗೆ ಹುಟ್ಟು ಊರಿ ತಿರುಗಿಸಿದಂತೆ.

ಅದರ ಮಹತ್ವ ಲೋಕಕ್ಕೆ ತಿಳಿದದ್ದು 1997ರಲ್ಲಿ. ರಸ್ತೆಗೆ ಅಡ್ಡ ಬಂದ ಕಡವೆಯನ್ನು ತಪ್ಪಿಸುವಂಥ ಪರೀಕ್ಷೆಯನ್ನು ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದಾಗ ಮರ್ಸಿಡಿಸ್‌ನ ಹೊಚ್ಚಹೊಸ ಎ-ಕ್ಲಾಸ್ ಕಾರು ಮಗುಚಿತು. ಕಂಪನಿ ಆ ಎಲ್ಲ ಕಾರುಗಳಿಗೂ ಸ್ಥಿರತಾ ನಿಯಂತ್ರಣ ಅಳವಡಿಸಿತು.

ಇಷ್ಟಾದರೂ ಇಲ್ಲದ ಹಿಡಿತವನ್ನು ಯಾವ ಗಣಕವೂ ಹುಟ್ಟಿಸದು. ಒದ್ದೆ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಂತರೆ, 60ರ ವೇಗಕ್ಕೆ ಬೇಕಾದದ್ದು 18 ಅಲ್ಲ, ಸುಮಾರು 35 ಮೀಟರು. ಕಣ್ಣು ಕಂಡದ್ದು ಕಾಲಿಗೆ ತಲುಪಲು ಒಂದು ಸೆಕೆಂಡು ಹಿಡಿದರೆ ಅಷ್ಟರಲ್ಲೇ ಇನ್ನೂ 17 ಮೀಟರು ಕಳೆದಿರುತ್ತದೆ. ಆ 17 ಮೀಟರಿನಲ್ಲಿ ಎಬಿಎಸ್ ಕೆಲಸ ಆರಂಭಿಸಿರುವುದೇ ಇಲ್ಲ.